ಹನಿ ನೀರಿನ ಕರಿ ಪೈಪು
ಜೈನಾಪುರ, ಬಬಲೇಶ್ವರ, ತಿಕೋಟಾ ಸೀಮೆಯ ದ್ರಾಕ್ಷಿ ಪಡಗಳಿಗೆ ಹನಿ ನೀರುಣಿಸುವ ಕರಿ ಪೈಪು ಹೆಚ್ಚಾಗಿ ಎಲ್‌ಎಲ್‌ಡಿಪಿಇ ಎಂಬ ಪಾಲಿಥಿನ್. ಇದರಣ್ಣ ಎಲ್‌ಡಿಪಿಇ 1933ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಅದರ ಅಣುಸರಪಳಿಗೆ ಉದ್ದುದ್ದ ಕವಲು. ಕರಗಿಸಿ ಜೋರಾಗಿ ಒತ್ತಿದರೆ ಸಲೀಸಾಗಿ ತೆಳುವಾಗಿ ಹರಿಯುತ್ತದೆ. ತಮ್ಮನದು ಗಿಡ್ಡ ಕವಲು, ಹಟಮಾರಿ ಸ್ವಭಾವ: ಒತ್ತಿದರೂ ಅಷ್ಟು ತೆಳುವಾಗದು, ಯಂತ್ರದ ಮೋಟರಿಗೆ ಹೊರೆ, ಅವಸರ ಮಾಡಿದರೆ ಪೈಪಿನ ಮೈಯೆಲ್ಲ ಒರಟು. ಸರಪಳಿಯ ಉದ್ದವಂತೂ ಸಣ್ಣ ಮಾತಲ್ಲ; ಅದು ಎರಡು ಪಟ್ಟಾದರೆ ಕರಗಿದ ಪ್ಲಾಸ್ಟಿಕ್ಕಿನ ಸ್ನಿಗ್ಧತೆ ಸುಮಾರು 10 ಪಟ್ಟು! ಆದರೂ ಕಾರ್ಖಾನೆಯವರು ತಮ್ಮನನ್ನೇ ಆರಿಸುವುದು ಆತ ಬೇಗ ಸೀಳು ಬಿಡುವುದಿಲ್ಲವೆಂದು. ಕಪ್ಪು ಬಣ್ಣ ಮಾತ್ರ ಅವನದಲ್ಲ, ನಮ್ಮ ಬಿಸಿಲು ತಡೆಯಲು ಬೆರೆಸಿದ ಇಂಗಾಲದ ಮಸಿ.