ಒಳಗಿನ ಮೋಡೆಮೋ, ಹೊರಗಿನ ಮೋಡೆಮೋ?

(ಎಲ್. ಎಜಿ. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ ಕೃಷಿ ಇನ್‌ಸ್ಪೆಕ್ಟರರೊಬ್ಬರಿಂದ, ಬಿಜೈ, ಮಂಗಳೂರು)

ಜಮೀನುದಾರರ ಮನೆಗಳಲ್ಲಿ ನೇಗಿಲು, ಪಂಪು, ತೂಕದ ತಕ್ಕಡಿ ಇವುಗಳ ಜೊತೆಗೆ ಕಂಪ್ಯೂಟರೆಂಬ ಯಂತ್ರವೂ ಈಗ ಸೇರಿರುವುದು. ಪಹಣಿಯ ಪ್ರತಿ, ಅಡಿಕೆಯ ಧಾರಣೆ, ಮಳೆಯ ಮುನ್ಸೂಚನೆ, ಬೆಳೆ ವಿಮೆಯ ವಿವರ ಇವೆಲ್ಲವನ್ನೂ ಅದರ ಮೂಲಕ ಮನೆಯಲ್ಲಿಯೇ ಕುಳಿತು ಪಡೆಯಬಹುದಾಗಿದೆ. ಆದರೆ ಆ ಯಂತ್ರವನ್ನು ಕೊಳ್ಳುವಾಗ ಹತ್ತು ಜನರನ್ನು ವಿಚಾರಿಸುವ ನಮ್ಮವರು, ಅದನ್ನು ಹೊರಜಗತ್ತಿಗೆ ಸೇರಿಸತಕ್ಕ ಮೋಡೆಮೆಂಬ ಉಪಕರಣದ ವಿಷಯದಲ್ಲಿ ಅಂಗಡಿಯವನು ಕೊಟ್ಟುದನ್ನೇ ತರುವರು. ಇದು ಎತ್ತನ್ನು ಪರೀಕ್ಷಿಸಿ ಕೊಂಡು, ನೊಗವನ್ನು ನೋಡದೆ ತಂದಂತೆಯೇ ಸರಿ.

ಮೋಡೆಮಿನ ಕಾರ್ಯವೇನೆಂದರೆ, ಕಂಪ್ಯೂಟರಿನ ಅಂಕಿಗಳ ಭಾಷೆಯನ್ನು ತಂತಿಯಲ್ಲಾಗಲಿ ಅಲೆಗಳಲ್ಲಾಗಲಿ ಸಾಗತಕ್ಕ ಸಂಕೇತವಾಗಿ ಮಾರ್ಪಡಿಸುವುದು. ಬಂದ ಸಂಕೇತವನ್ನು ಪುನಃ ಅಂಕಿಗಳಾಗಿಸುವುದು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೌಕರ್ಯವು 1995ನೆಯ ಇಸವಿ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಮೂಲಕ ದೊರೆಯಿತು. ಆಗ ಟೆಲಿಫೋನಿನ ತಾಮ್ರದ ತಂತಿಯೇ ದಾರಿ. ಅದರಲ್ಲಿ ಮುಂದೆ ಬಂದ ಅತಿ ವೇಗದ ಮೋಡೆಮು ಸಹ ಸೆಕೆಂಡಿಗೆ 56,000 ಬಿಟ್‌ಗಳನ್ನು ಮೀರುತ್ತಿರಲಿಲ್ಲ. 2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಅದೇ ತಂತಿಯ ಮೇಲೆ ಬ್ರಾಡ್‌ಬ್ಯಾಂಡನ್ನು ಆರಂಭಿಸಿತು. ಈಗ ಗಾಜಿನ ಎಳೆಯೂ ಮೊಬೈಲಿನ ಅಲೆಯೂ ಹಳ್ಳಿಗಳಿಗೆ ಬಂದಿರುವುವು. ದಾರಿಗಳು ಬದಲಾದರೂ, ಮೋಡೆಮು ಯಂತ್ರದ ಒಳಗಿರಬೇಕೋ ಹೊರಗಿರಬೇಕೋ ಎಂಬ ಪ್ರಶ್ನೆಯು ಮಾತ್ರ ಹಾಗೆಯೇ ಉಳಿದಿದೆ.

ಇವೆರಡರ ಭೇದವನ್ನು ಕೃಷಿಕರಿಗೆ ಪಂಪಿನ ದೃಷ್ಟಾಂತದಿಂದ ತಿಳಿಸಬಹುದು. ಒಳಗಿನ ಮೋಡೆಮು ಕೊಳವೆ ಬಾವಿಗೆ ಇಳಿಸಿದ ಪಂಪಿನಂತೆ. ಕಣ್ಣಿಗೆ ಬೀಳದು, ಸ್ಥಳವನ್ನು ಆಕ್ರಮಿಸದು. ಆದರೆ ಕೆಟ್ಟರೆ ಪೈಪುಗಳನ್ನೆಲ್ಲ ಮೇಲಕ್ಕೆತ್ತಬೇಕು. ಹೊರಗಿನದು ಬಾವಿಯ ಕಟ್ಟೆಯ ಮೇಲಿಟ್ಟ ಪಂಪಿನಂತೆ. ಅದರ ದೀಪಗಳನ್ನು ನೋಡಿದಾಗಲೇ ದೋಷವೆಲ್ಲಿಯೆಂದು ಊಹಿಸಬಹುದು. ಅದೊಂದನ್ನೇ ಬಿಚ್ಚಿ ಬದಲಾಯಿಸಲೂಬಹುದು.

ನನ್ನ ಸ್ವಂತ ಅನುಭವವೊಂದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. 2003ನೆಯ ಇಸವಿಯ ಮೇ ತಿಂಗಳಲ್ಲಿ ಬಿಜೈಯ ನಮ್ಮ ಮನೆಯಲ್ಲಿದ್ದ ಕಂಪ್ಯೂಟರಿಗೆ ಒಳಗಿನ ಮೋಡೆಮಿತ್ತು. ಬೆಲೆ ಕಡಿಮೆಯೆಂದು ನಾನೇ ಹಟಹಿಡಿದು ಹಾಕಿಸಿದ್ದೆನು. ಒಂದು ಸಾಯಂಕಾಲ ಮೂಡಣ ದಿಕ್ಕಿನಲ್ಲಿ ಗುಡುಗಲು, ಯಂತ್ರವನ್ನು ಆರಿಸಿದೆನೇ ಹೊರತು ಟೆಲಿಫೋನಿನ ತಂತಿಯನ್ನು ಕೀಳಲಿಲ್ಲ. ಒಂದೇ ಸಿಡಿಲಿಗೆ ಮೋಡೆಮಿನೊಡನೆ ಮದರ್‌ಬೋರ್ಡೂ ಸುಟ್ಟುಹೋಯಿತು. ತೀರ್ಥರೂಪರು ಮೂರು ವರ್ಷಗಳಿಂದ ಬರೆದಿಟ್ಟ ತೋಟದ ಲೆಕ್ಕವು ಕೈಗೆ ಸಿಕ್ಕಲು ಎರಡು ತಿಂಗಳಾಯಿತು. ಅದೇ ಸಿಡಿಲಿಗೆ ನೆರೆಮನೆಯವರ ಹೊರಗಿನ ಮೋಡೆಮೂ ಹಾಳಾಯಿತು. ಆದರೆ ಅವರ ಕಂಪ್ಯೂಟರು ಉಳಿಯಿತು. ನಾನು ಉಳಿಸಿದ ಕೆಲವು ನೂರು ರೂಪಾಯಿಗಳ ನಿಜವಾದ ಬೆಲೆಯು ಆ ದಿನ ನನಗೆ ತಿಳಿಯಿತು.

ಒಳಗಿನ ಮೋಡೆಮಿಗೆ ಗುಣಗಳೇ ಇಲ್ಲವೆಂದು ನನ್ನ ಅಭಿಪ್ರಾಯವಲ್ಲ. ಅದಕ್ಕೆ ಬೇರೆ ತಂತಿ, ಬೇರೆ ಪ್ಲಗ್ಗು ಬೇಡ. ಕರೆಂಟು ಹೋದಾಗಲೂ ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ನಡೆಯುವುದು. ಗ್ರಾಮದಿಂದ ಗ್ರಾಮಕ್ಕೆ ಸಂಚರಿಸುವ ನನ್ನಂಥವರಿಗೆ ಸಿಮ್ ಕಾರ್ಡನ್ನು ಒಳಗೇ ಇಟ್ಟ ಲ್ಯಾಪ್‌ಟಾಪೇ ಅನುಕೂಲ. ಆದರೆ ಒಂದೇ ಕಡೆ ನೆಲೆಸಿರುವ ಜಮೀನುದಾರರಿಗೆ ಹೊರಗಿನದೇ ಹಿತವೆಂಬುದು ನನ್ನ ದೃಢವಾದ ಮತ.

ಏಕೆಂದರೆ, ನಮ್ಮ ಜಿಲ್ಲೆಯ ಅನೇಕ ತೋಟಗಳೂ ಮನೆಗಳೂ ಗುಡ್ಡಗಳ ನಡುವಣ ತಗ್ಗಿನಲ್ಲಿರುವುವು. ಅಲ್ಲಿ ಮೊಬೈಲಿನ ಅಲೆಯು ಕ್ಷೀಣವಾಗಿರುವುದುಂಟು. ಒಳಗಿನ ಮೋಡೆಮು ಮೇಜು ಇದ್ದಲ್ಲಿಯೇ ಇರಬೇಕು. ಹೊರಗಿನದನ್ನು ಉಪ್ಪರಿಗೆಯ ಕಿಟಕಿಯ ಬಳಿ ಇಟ್ಟು, ಬೇಕಾದರೆ ಆಂಟೆನಾವನ್ನು ಮಾಡಿನ ಮೇಲಕ್ಕೆ ಏರಿಸಬಹುದು. ಎರಡನೆಯದಾಗಿ, ವೈಫೈ ಉಳ್ಳ ಹೊರಗಿನ ಒಂದೇ ಮೋಡೆಮು ಮನೆಯವರೆಲ್ಲರ ಯಂತ್ರಗಳಿಗೂ ಸಾಲುವುದು. ಮೂರನೆಯದಾಗಿ, 4ಜಿ ಹೋಗಿ 5ಜಿ ಬಂದರೆ ಪೆಟ್ಟಿಗೆಯೊಂದನ್ನು ಬದಲಾಯಿಸಿದರೆ ಸಾಕು. ಇಡೀ ಕಂಪ್ಯೂಟರನ್ನು ಮಾರಬೇಕಾಗಿಲ್ಲ.

ಗಾಜಿನ ಎಳೆಯ ಸಂಪರ್ಕವಿರುವವರು ಸಿಡಿಲಿನ ಭಯವೇ ತಪ್ಪಿತೆಂದು ಭಾವಿಸಬಾರದು. ಗಾಜು ವಿದ್ಯುತ್ತನ್ನು ಒಯ್ಯದು, ನಿಜ. ಆದರೆ ಆ ಮೋಡೆಮಿಗೆ ಕರೆಂಟು ಬರುವ ತಂತಿಯೂ, ಅದರಿಂದ ಕಂಪ್ಯೂಟರಿಗೆ ಹೋಗುವ ತಂತಿಯೂ ತಾಮ್ರದವೇ. ಆದುದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿಯೂ, ಮಳೆಗಾಲವು ಹಿಂದೆಗೆಯುವ ಅಕ್ಟೋಬರ್, ನವೆಂಬರ್‌ಗಳಲ್ಲಿಯೂ ಆಕಾಶವು ಕಪ್ಪಾದೊಡನೆ, ಗುಡುಗು ಹತ್ತಿರವಾಗುವ ಮೊದಲೇ, ಪ್ಲಗ್ಗುಗಳನ್ನೂ ತಂತಿಗಳನ್ನೂ ಕಿತ್ತಿಡತಕ್ಕದ್ದು. ಸ್ವಿಚ್ಚನ್ನು ಆರಿಸಿದ ಮಾತ್ರಕ್ಕೆ ಸಾಲದು. ಹೊರಗಿನ ಮೋಡೆಮಿಗೆ ಕರೆಂಟು ಹೋದಾಗ ನಡೆಯದೆಂಬ ಕೊರತೆಯುಂಟು, ಸಣ್ಣದೊಂದು ಯು.ಪಿ.ಎಸ್. ಇಟ್ಟರೆ ಅದೂ ನೀಗುವುದು.

ಗ್ರಾಮದ ಮುಖ್ಯಸ್ಥರಲ್ಲಿ ಕೊನೆಯದಾಗಿ ಒಂದು ವಿಜ್ಞಾಪನೆ. ತಮ್ಮ ಮನೆಯ ಯಂತ್ರವು ತಮ್ಮೊಬ್ಬರದಲ್ಲ. ಪಹಣಿ ನೋಡಲು ಬರುವ ವಿಧವೆಯೂ, ವಿಮೆಯ ಕೊನೆಯ ದಿನಾಂಕವನ್ನು ಕೇಳಲು ಬರುವ ಸಣ್ಣ ಹಿಡುವಳಿದಾರನೂ ತಮ್ಮ ಜಗಲಿಗೇ ಬರುವರು. ಆ ದಿನ ಯಂತ್ರವು ಸುಟ್ಟು ಬಿದ್ದಿದ್ದರೆ ನಷ್ಟವು ತಮಗಿಂತಲೂ ಅವರಿಗೇ ಹೆಚ್ಚು. ಆದಕಾರಣ ಮೋಡೆಮನ್ನು ಕೊಳ್ಳುವಾಗ ಬೆಲೆಯನ್ನು ಮಾತ್ರವಲ್ಲದೆ, ಅದು ಕೆಟ್ಟರೆ ಅದರೊಡನೆ ಮತ್ತೇನು ಕೆಡುವುದೆಂಬುದನ್ನೂ ವಿಚಾರಿಸಿ ಕೊಳ್ಳಬೇಕೆಂದು ಪ್ರಾರ್ಥಿಸುವೆನು.