ಚಾನೆಲ್ ಬಂದ್ ಮಾಡಿಸಬೇಡಿ, ಚಂದಾ ಬಂದ್ ಮಾಡಿರಿ!

(ಓದಿರಿ, ಕಿಸೆಯಲ್ಲಿ ಇಟ್ಟುಕೊಳ್ಳದೆ ಮುಂದಿನವರಿಗೆ ಕೊಡಿರಿ)

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ತಾಯಂದಿರೇ, ಅಣ್ಣತಮ್ಮಂದಿರೇ,

ರಾತ್ರಿ ಊಟದ ಹೊತ್ತಿಗೆ ಟಿವಿಯಲ್ಲಿ ಏನೋ ಬರುತ್ತದೆ. ಅಜ್ಜಿ ಮುಖ ತಿರುಗಿಸುತ್ತಾಳೆ, ಅಪ್ಪ ರಿಮೋಟ್ ತಡಕುತ್ತಾನೆ, ಹುಡುಗರು ಒಳಗೊಳಗೇ ನಗುತ್ತಾರೆ. ಮರುದಿನ ಕಟ್ಟೆಯ ಮೇಲೆ ಒಂದೇ ಮಾತು: "ಸರಕಾರ ಇಂಥವನ್ನೆಲ್ಲ ಬಂದ್ ಮಾಡಬೇಕ್ರೀ!" ಸಂಜೆಯಾದರೆ ಮತ್ತೆ ಅದೇ ಚಾನೆಲ್.

ಬಂದ್ ಮಾಡಿಸುವ ಮಾತು ನಮಗೆ ಒಪ್ಪಿಗೆಯಿಲ್ಲ. 'ಸಂಗ್ಯಾ ಬಾಳ್ಯಾ' ಸಣ್ಣಾಟ ನಮ್ಮ ಬೈಲಹೊಂಗಲದ್ದೇ ಕಥೆ. ಈರ್ಯಾನ ಹೆಂಡತಿ ಗಂಗಿಯ ಮೇಲೆ ಮನಸ್ಸಿಟ್ಟ ಸಂಗ್ಯಾ. ಕೊನೆಗೆ ಅವನನ್ನು ಸಾವಿಗೆ ಒಪ್ಪಿಸಿದ ಗೆಳೆಯ ಬಾಳ್ಯಾ. ಹಾದರದ ಕಥೆಯೆಂದು ಊರೂರಿನಲ್ಲಿ ಅದನ್ನು ನಿಲ್ಲಿಸಿದ್ದರೆ ನಷ್ಟ ಯಾರದಾಗುತ್ತಿತ್ತು? ಆಸೆಯ ಕಥೆ ಹೇಳುವುದು ತಪ್ಪಲ್ಲ. ಕಥೆಯ ಹಂಗೇ ಇಲ್ಲದೆ ಹೆಣ್ಣಿನ ಮೈಮೇಲೆ ಕ್ಯಾಮೆರಾ ಓಡಾಡಿಸುವುದು ತಪ್ಪು. ಪುಟ್ಟ ಮಗುವನ್ನು ದೊಡ್ಡವರ ಶೃಂಗಾರದ ಹಾಡಿಗೆ ಕುಣಿಸಿ ಚಪ್ಪಾಳೆ ತಟ್ಟುವುದು ತಪ್ಪು. ಡ್ಯಾನ್ಸ್ ಶೋಗಳಲ್ಲಿ ಮಕ್ಕಳನ್ನು ಹೀಗೆ ತೋರಿಸಬೇಡಿ ಎಂದು ಕೇಂದ್ರ ವಾರ್ತಾ ಸಚಿವಾಲಯವೇ 2019ರ ಜೂನ್‌ನಲ್ಲಿ ಚಾನೆಲ್‌ಗಳಿಗೆ ಹೇಳಬೇಕಾಯಿತು.

ಹಿಡಿಸದಿದ್ದರೆ ಬಿಡುವ ಹಕ್ಕು ನಮ್ಮ ಕೈಯಲ್ಲೇ ಇದೆ. ಬಳಸೋಣ.

1. ಚಂದಾ ಬಿಡಿರಿ. 2019ರ ಫೆಬ್ರುವರಿ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಬೇಕಾದ ಚಾನೆಲ್‌ಗಳನ್ನಷ್ಟೇ ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು. "ಪ್ಯಾಕೇಜಿನಲ್ಲಿ ಬಂದುಬಿಟ್ಟಿದೆ" ಎಂದರೆ ಒಪ್ಪಬೇಡಿ. ಬಿಡಿ ದರದ ಪಟ್ಟಿ ಕೇಳಿ, ಲೆಕ್ಕ ಹಾಕಿರಿ. ಯಾವ ಚಾನೆಲನ್ನು ಎಷ್ಟು ಜನ ನೋಡುತ್ತಾರೆಂದು ಎಣಿಸುವ ಟಿಆರ್‌ಪಿ ಮೀಟರ್ ಇರುವುದು ಆಯ್ದ ಕೆಲವು ಮನೆಗಳಲ್ಲಿ ಮಾತ್ರ. ಅದಿಲ್ಲದ ಮನೆಯಲ್ಲಿ ನೀವು ಬೈದು ಚಾನೆಲ್ ಬದಲಿಸಿದರೆ ಅವರ ಎಣಿಕೆಗೆ ಬರುವುದಿಲ್ಲ. ಚಂದಾ ಬಿಟ್ಟರೆ ಬರುತ್ತದೆ.

2. ದೂರು ಬರೆಯಿರಿ. ಮಕ್ಕಳಿಗೆ ತಕ್ಕದ್ದಲ್ಲದ್ದನ್ನು ಮಕ್ಕಳು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ತೋರಿಸಕೂಡದು ಎಂದು ಕೇಬಲ್ ಟಿವಿ ನಿಯಮವೇ ಹೇಳುತ್ತದೆ. ಕಾರ್ಯಕ್ರಮದ ಹೆಸರು, ದಿನಾಂಕ, ಗಂಟೆ, ದೃಶ್ಯ ಇಷ್ಟನ್ನು ಬರೆದು ಚಾನೆಲ್‌ಗೆ ಕಳಿಸಿರಿ. 2021ರ ತಿದ್ದುಪಡಿಯಂತೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ ಕೊಡಬೇಕು. ಅದು ಸಮಾಧಾನ ತರದಿದ್ದರೆ ಮುಂದಿನ 15 ದಿನದೊಳಗೆ ಆ ಚಾನೆಲ್ ಸೇರಿರುವ ಸ್ವಯಂನಿಯಂತ್ರಣ ಮಂಡಳಿಗೆ ಮೇಲ್ಮನವಿ ಹಾಕಿರಿ.

3. ಲಾಕ್ ಹಾಕಿರಿ. ಸೆಟ್‌ಟಾಪ್ ಬಾಕ್ಸ್‌ನಲ್ಲಿ ಮಕ್ಕಳ ಲಾಕ್ ಇದ್ದರೆ ಬಳಸಿರಿ. ಅದಕ್ಕಿಂತ ಮೊದಲು ಮಕ್ಕಳ ಜೊತೆ ಕೂತು ನೋಡಿರಿ. ಅವರು ಕೇಳಿದ್ದಕ್ಕೆ ನಾಚದೆ ಉತ್ತರ ಹೇಳಿರಿ.

4. ಹಿಡಿಸಿದ್ದನ್ನು ಹೊಗಳಿರಿ. ಒಳ್ಳೆಯ ನಾಟಕ, ಹಾಡು, ಹಾಸ್ಯ ಬಂದಾಗ ನಾಲ್ಕು ಸಾಲು ಬರೆದು ಕಳಿಸಿರಿ. ಬೈಗುಳವಷ್ಟೇ ಮುಟ್ಟಿದರೆ ಒಳ್ಳೆಯದನ್ನು ಮಾಡುವವರಿಗೆ ಬಲ ಎಲ್ಲಿಂದ ಬರಬೇಕು?

ಇಷ್ಟನ್ನು ಮಾತ್ರ ಮಾಡಬೇಡಿ: ಕೇಬಲ್ ಆಪರೇಟರನ ವೈರ್ ಕತ್ತರಿಸಬೇಡಿ, ನಟಿಯರನ್ನು ಮೊಬೈಲಿನಲ್ಲಿ ಬೈಯಬೇಡಿ, ಪಕ್ಕದ ಮನೆಯವರು ಏನು ನೋಡುತ್ತಾರೆಂದು ಇಣುಕಬೇಡಿ. ನಮ್ಮ ಮನೆಗೆ ನಾವು ಆರಿಸುವ ಹಕ್ಕು ಬೇಕೆನ್ನುವವರು ಅವರ ಹಕ್ಕನ್ನೂ ಕಾಯಬೇಕು. ಸೊಸೆ ಏನು ನೋಡಬೇಕೆಂದು ಮಾವ ಒಬ್ಬನೇ ತೀರ್ಮಾನಿಸುವುದೂ ಆಯ್ಕೆಯಲ್ಲ. ಮನೆಮಂದಿಯೆಲ್ಲ ಕೂತು ಪಟ್ಟಿ ಮಾಡಿರಿ.

ಈ ತಿಂಗಳ ಬಿಲ್ಲಿಗೆ ಹುಡುಗ ಬಾಗಿಲಿಗೆ ಬಂದಾಗ ದುಡ್ಡಿನ ಜೊತೆ ಆ ಪಟ್ಟಿಯನ್ನೂ ಕೈಗಿಡಿರಿ. ನಾಲ್ಕೂ ತಾಲೂಕಿನಲ್ಲಿ ಒಂದೇ ತಿಂಗಳು ಹೀಗೆ ಮಾಡಿದರೆ ಚಾನೆಲ್‌ನವರು ತಾವಾಗಿ ನಮ್ಮನ್ನು ಕೇಳಿಕೊಂಡು ಬರುತ್ತಾರೆ.

ಇಂತಿ,
ದುಡ್ಡು ಕೊಟ್ಟು ಟಿವಿ ನೋಡುವ ನಾವು