ಯಾರ ಬೆರಳಿಗೆ ಯಾರ ಕೀಲಿ?

ಗಾರೆ ಕೆಲಸದವನು ಅಡುಗೆಮನೆಯ ಕಟ್ಟೆಯನ್ನು ತನ್ನ ಸೊಂಟದ ಅಳತೆಗೆ ಕಟ್ಟಿ ಹೋಗುತ್ತಾನೆ. ಅದರ ಮುಂದೆ 30 ವರ್ಷ ನಿಂತು ಬೆನ್ನು ಹಿಡಿದುಕೊಳ್ಳುವವರು ನಾವು. ಬೆನ್ನು ನೋವೆಂದರೆ ಮನೆಯವರು ‘ವಯಸ್ಸಾಯಿತಲ್ಲ’ ಎನ್ನುತ್ತಾರೆಯೇ ಹೊರತು ಕಟ್ಟೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಕಂಪ್ಯೂಟರಿನ ಮುಂದೆ ಕನ್ನಡ ಬರೆಯಲು ಕುಳಿತ ಹೆಂಗಸರ ಪಾಡೂ ಇದೇ. ಬೇಕಾದ ಅಕ್ಷರ ಮೂಡದಿದ್ದರೆ, ಒತ್ತಿದ ಕೀಲಿಗೆ ಇನ್ನೇನೋ ಆಗಿಬಿಟ್ಟರೆ, ‘ನಿಮಗೆ ಗೊತ್ತಾಗುವುದಿಲ್ಲ ಬಿಡಿ ಮೇಡಂ’ ಎಂಬ ಮಾತು ಪಕ್ಕದಲ್ಲೇ ಸಿದ್ಧವಾಗಿರುತ್ತದೆ. ನನ್ನ ವಾದ ಇಷ್ಟೇ: ಬಹಳ ಸಲ ಗೊತ್ತಿಲ್ಲದಿರುವುದು ನಮಗಲ್ಲ, ಆ ತಂತ್ರಾಂಶವನ್ನು ಮಾಡಿದವರಿಗೆ.

ನಾವು ಏನೂ ಹೇಳದಿದ್ದರೆ ಯಂತ್ರ ತಾನಾಗಿಯೇ ಹಿಡಿಯುವ ದಾರಿಗೆ ಕಂಪ್ಯೂಟರಿನವರು ‘ಡಿಫಾಲ್ಟ್’ ಎನ್ನುತ್ತಾರೆ. ಕೇಳಿದರೆ ಆಕಾಶದಿಂದ ಉದುರಿದ್ದೇನೋ ಎನ್ನಿಸಬೇಕು. ಹಾಗೇನೂ ಇಲ್ಲ. ಎಲ್ಲೋ ಒಬ್ಬರು ಮೇಜಿನ ಮುಂದೆ ಕುಳಿತು, ತಮ್ಮ ಕೀಬೋರ್ಡನ್ನು ನೋಡಿ ನಿಶ್ಚಯಿಸಿದ್ದು ಅದು. ಕಂಟ್ರೋಲ್ ಒತ್ತಿ ಸಿ ಎಂದರೆ ನಕಲು, ವಿ ಎಂದರೆ ಅಂಟಿಸು ಎಂದು ಇವತ್ತು ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಕತ್ತರಿಸಿ ಅಂಟಿಸುವ ಈ ಏರ್ಪಾಡನ್ನು 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಅವರ ಜೊತೆಯವರು ರೂಪಿಸಿದರು. 1983ರಲ್ಲಿ ಬಂದ ಆಪಲ್‌ನ ಲಿಸಾ ಕಂಪ್ಯೂಟರಿನಲ್ಲಿ ಜೆಡ್, ಎಕ್ಸ್, ಸಿ, ವಿ ಈ ಕೆಲಸಗಳಿಗೆ ನಿಂತವು. ನಾಲ್ಕೂ ಕೆಳಸಾಲಿನಲ್ಲಿ ಪಕ್ಕಪಕ್ಕ ಇವೆ, ಎಡಗೈಗೆ ಸುಲಭ. ಒಳ್ಳೆಯ ಆಯ್ಕೆಯೇ. ಆದರೆ ಅದು ಅಮೆರಿಕದ ಕೀಬೋರ್ಡಿಗೆ ಒಳ್ಳೆಯ ಆಯ್ಕೆ. ಜರ್ಮನರ ಕೀಬೋರ್ಡಿನಲ್ಲಿ ಜೆಡ್ ಮತ್ತು ವೈ ಜಾಗ ಅದಲುಬದಲಾಗಿವೆ. ಮಾಡಿದ್ದನ್ನು ರದ್ದು ಮಾಡಲು ಅಲ್ಲಿಯವರ ಬೆರಳು ಮೇಲಿನ ಸಾಲಿನ ನಡುವಿಗೆ ಹೋಗಬೇಕು. ಹುಡುಕಲು ಓರೆಗೆರೆ ಒತ್ತಿರಿ ಎಂದು ಕೆಲವು ತಂತ್ರಾಂಶಗಳು ಹೇಳುತ್ತವಲ್ಲ, ಆ ಓರೆಗೆರೆಗೆ ಜರ್ಮನರು ಶಿಫ್ಟ್ ಹಿಡಿದು 7 ಒತ್ತಬೇಕು. ಒಬ್ಬರಿಗೆ ಒಂದು ಬೆರಳಿನ ಕೆಲಸ, ಇನ್ನೊಬ್ಬರಿಗೆ ಎರಡು ಕೈಯ ಕಸರತ್ತು.

ಜರ್ಮನರ ಚಿಂತೆ ನಮಗೇಕೆ ಎನ್ನುತ್ತೀರಾ? ನಮ್ಮ ಹಲಸೂರಿಗೇ ಬನ್ನಿ. ನಾನು ಕನ್ನಡ ಕಲಿಸುವ ಟೀಚರು. ‘ಹಲಸೂರು’ ಎಂಬ ಒಂದೇ ಪದವನ್ನು ಕಂಪ್ಯೂಟರಿನಲ್ಲಿ ಬರೆದು ತೋರಿಸುತ್ತೇನೆ.

ನುಡಿ ತಂತ್ರಾಂಶದಲ್ಲಿ ಕಲಿತವರು ಎಚ್, ಎಲ್, ಎಸ್, ಶಿಫ್ಟ್ ಹಿಡಿದು ಯು, ಆರ್, ಮತ್ತೆ ಯು ಒತ್ತುತ್ತಾರೆ. ಆರು ಒತ್ತಿಗೆ ಊರು ಬಂತು. ಇದು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರು ಹಾಕಿಕೊಟ್ಟ ಜೋಡಣೆ. ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದ ಜಾಣತನ ಅವರದು. ಎಫ್ ಒತ್ತಿದರೆ ಒತ್ತಕ್ಷರಕ್ಕೆ ಕೊಂಡಿ. ಕರ್ನಾಟಕ ಸರ್ಕಾರ ಇದನ್ನೇ ಪ್ರಮಾಣವೆಂದು ಒಪ್ಪಿತು, ಕನ್ನಡ ಗಣಕ ಪರಿಷತ್ತು ಅದರ ಮೇಲೆ ನುಡಿಯನ್ನು ಮಾಡಿತು, ಕಚೇರಿಗಳೂ ಡಿ.ಟಿ.ಪಿ. ಅಂಗಡಿಗಳೂ ಅದನ್ನೇ ಕಲಿತವು.

ಈಗ ಹೊಸ ಕಂಪ್ಯೂಟರ್ ತಂದು ವಿಂಡೋಸ್‌ನಲ್ಲಿ ಕನ್ನಡವನ್ನು ಸೇರಿಸಿಕೊಳ್ಳಿ. ಕೇಳದೆಯೇ ಬಂದು ಕೂರುವುದು ಇನ್‌ಸ್ಕ್ರಿಪ್ಟ್ ಎಂಬ ಬೇರೆ ಜೋಡಣೆ. ಅದರಲ್ಲಿ ಹಲಸೂರು ಬರಬೇಕಾದರೆ ಯು, ಎನ್, ಎಂ, ಟಿ, ಜೆ, ಜಿ. ಅಲ್ಲಿಯೂ ಆರೇ ಒತ್ತು, ಆದರೆ ಬೇರೆಯೇ ಆರು. ನುಡಿಯ ಬೆರಳು ಗೊತ್ತಿಲ್ಲದೆ ಇದರ ಮೇಲೆ ಓಡಿತೋ, ಪರದೆಯ ಮೇಲೆ ಹಲಸೂರಿನ ಬದಲು ‘ಪತೇಙೀಹ’ ಎಂದು ಮೂಡುತ್ತದೆ. ಇಂಗ್ಲಿಷರ ನಾಲಿಗೆ ನಮ್ಮೂರನ್ನು ‘ಅಲ್ಸೂರ್’ ಮಾಡಿತೆಂದು ನಾವು ಇಷ್ಟು ವರ್ಷ ಗೊಣಗಿದೆವು. ಈ ‘ಪತೇಙೀಹ’ದ ಮುಂದೆ ಅದು ಎಷ್ಟೋ ವಾಸಿ!

ಇನ್‌ಸ್ಕ್ರಿಪ್ಟ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಅದನ್ನು ಪ್ರಮಾಣವಾಗಿಸಿದ್ದರ ಹಿಂದೆ ಒಂದು ದೊಡ್ಡ ಯೋಚನೆಯಿದೆ. ಭಾರತದ ಎಲ್ಲ ಲಿಪಿಗಳಿಗೂ ಒಂದೇ ಜಾಗ. ಕನ್ನಡದ ‘ಕ’ ಇರುವ ಕೀಲಿಯಲ್ಲೇ ತಮಿಳಿನ, ತೆಲುಗಿನ, ಹಿಂದಿಯ ‘ಕ’ ಇರುತ್ತದೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ ಎನ್ನುವ ನಮ್ಮ ಹಲಸೂರಿನ ಮಕ್ಕಳಿಗೆ ಅದು ವರವೇ ಆಗಬಹುದಿತ್ತು. ಆದರೆ ಕಲಿಸಿದವರು ಯಾರು? ತಮಿಳುನಾಡು ಸರ್ಕಾರ 1999ರಲ್ಲಿ ತಮಿಳಿಗೆ ‘ತಮಿಳ್ 99’ ಎಂಬ ತನ್ನದೇ ಜೋಡಣೆಯನ್ನು ಒಪ್ಪಿಕೊಂಡಿತು. ನಮ್ಮ ಸರ್ಕಾರ ಕೆ.ಪಿ. ರಾವ್ ಜೋಡಣೆಯನ್ನು ಹಿಡಿಯಿತು. ಪೆಟ್ಟಿಗೆ ಬಿಚ್ಚಿದರೆ ಬರುವುದು ಮಾತ್ರ ಇನ್‌ಸ್ಕ್ರಿಪ್ಟ್. ಕಲಿಸಿದ್ದು ಒಂದು, ಕೊಟ್ಟದ್ದು ಇನ್ನೊಂದು. ಸೀರೆ ಉಡಲು ಕಲಿಸಿ ಪೆಟ್ಟಿಗೆಯಲ್ಲಿ ಪಂಚೆ ಇಟ್ಟ ಹಾಗೆ.

ಶಾರ್ಟ್‌ಕಟ್‌ಗಳ ಕಥೆ ಇದಕ್ಕಿಂತ ಸಣ್ಣದು, ಆದರೆ ಹೆಚ್ಚು ಕಾಡುವಂಥದು. ನುಡಿಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಲು ರೂಢಿಗೆ ಬಂದದ್ದು ಸ್ಕ್ರೋಲ್ ಲಾಕ್ ಕೀಲಿ. ಆಗ ಅದು ಬುದ್ಧಿವಂತಿಕೆಯ ಆಯ್ಕೆ. ದೊಡ್ಡ ಕೀಬೋರ್ಡಿನ ಮೂಲೆಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಕೀಲಿಗೆ ಕನ್ನಡದ ಕೆಲಸ ಕೊಟ್ಟರು. ಆಮೇಲೆ ಲ್ಯಾಪ್‌ಟಾಪ್‌ಗಳು ಬಂದವು. ಜಾಗ ಸಾಲದೆ ಎಷ್ಟೋ ಕಂಪೆನಿಗಳು ಆ ಕೀಲಿಯನ್ನೇ ಕಿತ್ತುಹಾಕಿದವು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ಬರಹ ನಮ್ಮಲ್ಲಿ ಎಷ್ಟೋ ಜನರಿಗೆ ಕಂಪ್ಯೂಟರಿನಲ್ಲಿ ಮೊದಲ ಕನ್ನಡ ತೋರಿಸಿದ ತಂತ್ರಾಂಶ. ಅದರಲ್ಲಿ ಹೊರಳುವುದು ಎಫ್ 11ರಿಂದ. ಇಂಟರ್‌ನೆಟ್ ನೋಡುವ ತಂತ್ರಾಂಶಗಳಲ್ಲಿ ಅದೇ ಎಫ್ 11 ಪರದೆಯನ್ನು ಪೂರ್ತಿ ಹಿಗ್ಗಿಸುವ ಕೀಲಿ. ಇನ್‌ಸ್ಕ್ರಿಪ್ಟಿನಲ್ಲಿ ಓರೆಗೆರೆಯ ಕೀಲಿಯ ಮೇಲೆ ‘ಯ’ ಕೂತಿದೆ. ಹುಡುಕಲು ಹೋದರೆ ‘ಯ’ ಬರುತ್ತದೆ. ಅಲ್ಲಿಗೆ ಜರ್ಮನಿಯವಳೂ ನಾನೂ ಒಂದೇ ಕೀಲಿಗೆ ಎಡವಿದ ಅಕ್ಕತಂಗಿಯರು!

ನಾನು ಬಳಸಬೇಕಾಗಿ ಬಂದ ಒಂದು ತಂತ್ರಾಂಶದ ಸಹಾಯಪುಟ ಪೂರ್ತಿ ಕನ್ನಡದಲ್ಲಿತ್ತು. ಸಂತೋಷದಿಂದ ಓದಿದೆ. ‘ಉಳಿಸಲು ಎಸ್, ದಪ್ಪಕ್ಷರಕ್ಕೆ ಬಿ, ನೆನಪಿಡುವುದು ಸುಲಭ’ ಎಂದಿತ್ತು. ಉಳಿಸುವುದಕ್ಕೂ ಎಸ್‌ಗೂ, ದಪ್ಪಕ್ಕೂ ಬಿಗೂ ಏನು ಸಂಬಂಧ? ಇಂಗ್ಲಿಷ್ ಬಲ್ಲವರಿಗೆ ಸುಲಭ ಎಂದು ನೇರವಾಗಿ ಬರೆಯಬಹುದಿತ್ತು. ಸ್ಪ್ಯಾನಿಷ್ ಭಾಷೆಯ ವರ್ಡ್‌ನಲ್ಲಿ ಉಳಿಸಲು ಜಿ, ದಪ್ಪಕ್ಕೆ ಎನ್. ಅವರ ಭಾಷೆಯಲ್ಲಿ ಉಳಿಸುವುದು ‘ಗ್ವಾರ್ದಾರ್’, ದಪ್ಪಕ್ಷರ ‘ನೆಗ್ರೀತಾ’. ಕಂಪೆನಿಗಳಿಗೆ ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಎಲ್ಲವನ್ನೂ ಹಾಗೆ ಬದಲಿಸಿ ಎಂದು ನಾನು ಕೇಳುವುದಿಲ್ಲ. ಮನೆಯಲ್ಲಿ ಒಂದು, ಆಫೀಸಿನಲ್ಲಿ ಇನ್ನೊಂದು ಆದರೆ ಬೆರಳಿಗೆ ಮತ್ತೆ ಗೊಂದಲ. ಲೋಕವೆಲ್ಲ ಬಳಸುವ ನಾಲ್ಕೈದು ಹಾಗೇ ಇರಲಿ. ಉಳಿದದ್ದನ್ನು ನಿಶ್ಚಯಿಸುವಾಗ ನಮ್ಮನ್ನೂ ಒಂದು ಮಾತು ಕೇಳಲಿ.

ಇದಕ್ಕೆ ಎರಡು ಉತ್ತರ ಬರುತ್ತವೆ. ‘ಬೇಕಾದವರು ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸಿಕೊಳ್ಳಲಿ’ ಎಂಬುದು ಮೊದಲನೆಯದು. ಸ್ವಾಮಿ, ಬದಲಾವಣೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ಆ ಸೆಟ್ಟಿಂಗ್ಸ್ ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ಗೊತ್ತಿದ್ದರೂ ಶಾಲೆಯ, ಕಚೇರಿಯ, ಬ್ಯಾಂಕಿನ ಕಂಪ್ಯೂಟರ್ ಅವರದಲ್ಲ. ಪಾಸ್‌ವರ್ಡ್ ಇನ್ಯಾರದೋ ಜೇಬಿನಲ್ಲಿರುತ್ತದೆ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲು ಮಾಲೀಕರನ್ನು ಕೇಳಿದ ಹಾಗೆ ಒಂದು ಕೀಲಿಗಾಗಿ ಅರ್ಜಿ ಹಾಕಬೇಕೇ?

ಎರಡನೆಯದು, ‘ಈಗ ಮೊಬೈಲಿಗೆ ಹೇಳಿದರೆ ಅದೇ ಬರೆಯುತ್ತದಲ್ಲ’ ಎಂಬುದು. ಬರೆಯುತ್ತದೆ, ಮಗಳಿಗೆ ಸಂದೇಶ ಕಳಿಸಲು ಸಾಕು. 40 ಮಕ್ಕಳ ಗದ್ದಲದ ನಡುವೆ ಅಂಕಪಟ್ಟಿ ತುಂಬಲು, ವರ್ಗಾವಣೆ ಪತ್ರದಲ್ಲಿ ಒಂದು ಮಗುವಿನ ಹೆಸರನ್ನು ದೀರ್ಘ, ಒತ್ತು ತಪ್ಪದೆ ಬರೆಯಲು ಬೆರಳೇ ಬೇಕು. ಆ ಹೆಸರು ಒಮ್ಮೆ ತಪ್ಪಾಗಿ ಏರಿತೋ, ತಿದ್ದಿಸಲು ತಾಯಿ ಒಂದು ದಿನದ ಕೂಲಿ ಬಿಟ್ಟು ಕಚೇರಿ ಅಲೆಯಬೇಕು. ಸರ್ಕಾರಿ ನೌಕರರಿಗೆ 2012ರ ನಿಯಮದಂತೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಿದೆ. ನೌಕರರ ಸಾಕ್ಷರತೆಯನ್ನು ಅಳೆಯುವವರು ಯಂತ್ರಕ್ಕೆ ಎಷ್ಟು ಕನ್ನಡ ಸಾಕ್ಷರತೆಯಿದೆ ಎಂದೂ ಅಳೆಯಬೇಡವೆ?

ಈ ತೊಡಕಿಗೆ ಹೆಚ್ಚು ಸಿಕ್ಕುವವರು ಹೆಂಗಸರು ಎಂದೂ ಹೇಳಲೇಬೇಕು. ಒಂದು ಕಾಲಕ್ಕೆ ಹೆಣ್ಣುಮಕ್ಕಳು ಕೆಲಸಕ್ಕಾಗಿ ಟೈಪಿಂಗ್ ಕಲಿತು ಜೂನಿಯರ್, ಸೀನಿಯರ್ ಪಾಸಾದರು. ಆ ಯಂತ್ರ ಹೋಯಿತು, ನುಡಿ ಬಂತು, ಮತ್ತೆ ಕಲಿತರು. ಈಗ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಿಂದ ಕನ್ನಡ ಮಾಡುವುದನ್ನೂ ಕಲಿತಿದ್ದಾರೆ. ಮೂರು ಸಲ ಬೆರಳು ತಿದ್ದಿಕೊಂಡವರಿಗೆ ‘ನಿಮಗೆ ಗೊತ್ತಾಗುವುದಿಲ್ಲ’ ಎನ್ನುವುದು ಅನ್ಯಾಯ. ಯಂತ್ರ ಒಂದು ಸಲವಾದರೂ ತನ್ನನ್ನು ತಿದ್ದಿಕೊಳ್ಳಲಿ.

ಏನು ಮಾಡಬೇಕು ಎಂದರೆ, ದೊಡ್ಡ ಸಂಗತಿ ಏನಿಲ್ಲ. ಕನ್ನಡವನ್ನು ಮೊದಲ ಸಲ ತೆರೆದಾಗ ಯಂತ್ರ ಕೇಳಲಿ: ನಿಮ್ಮ ಬೆರಳಿಗೆ ಯಾವುದು ರೂಢಿ? ನುಡಿಯದೋ, ಇನ್‌ಸ್ಕ್ರಿಪ್ಟೋ, ಇಂಗ್ಲಿಷ್ ಅಕ್ಷರದ್ದೋ? ಸರ್ಕಾರವೇ ಒಪ್ಪಿದ ಜೋಡಣೆ ಆ ಪಟ್ಟಿಯಲ್ಲಿ ಮೊದಲು ಇರಲಿ. ಭಾಷೆ ಹೊರಳಿಸುವ ಕೀಲಿ ಎಲ್ಲ ಕೀಬೋರ್ಡಿನಲ್ಲೂ ಇರುವಂಥದಾಗಿರಲಿ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತುವ ಏರ್ಪಾಡು ಈಗಾಗಲೇ ಇದೆ, ಎಲ್ಲರೂ ಅದನ್ನೇ ಹಿಡಿಯಬಾರದೇಕೆ? ಓರೆಗೆರೆ, ಕಂಸ, ಅರ್ಧವಿರಾಮದಂಥ ಕೀಲಿಗಳಿಗೆ ಮುಖ್ಯ ಕೆಲಸ ಕಟ್ಟುವ ಮುನ್ನ ಅಲ್ಲಿ ಇನ್ನೊಬ್ಬರ ‘ಯ’ವೋ ‘ಡ’ವೋ ‘ಚ’ವೋ ಕೂತಿದೆಯೇ ಎಂದು ನೋಡಲಿ. ನಮ್ಮ ಸರ್ಕಾರ ಹಣ ಕೊಟ್ಟು ತರಿಸುವ ಪ್ರತಿ ತಂತ್ರಾಂಶಕ್ಕೂ ಇದನ್ನು ಷರತ್ತಾಗಿ ಬರೆಯಲಿ. ಒಪ್ಪುವ ಮುಂಚೆ ಒಬ್ಬ ಗುಮಾಸ್ತೆ, ಒಬ್ಬ ಟೀಚರು, ಒಬ್ಬ ಅಂಗನವಾಡಿ ಕಾರ್ಯಕರ್ತೆಯನ್ನು ಅದರ ಮುಂದೆ ಅರ್ಧ ಗಂಟೆ ಕೂರಿಸಿ ನೋಡಲಿ.

ಮುಂದಿನ ಸಲ ಒತ್ತಿದ ಕೀಲಿಗೆ ಬೇಡದ್ದು ಬಂದಾಗ ‘ನನಗೆ ಕಂಪ್ಯೂಟರ್ ಬರುವುದಿಲ್ಲ’ ಎಂದು ಎದ್ದುಹೋಗಬೇಡಿ. ಆ ಕೀಲಿ ಯಾವುದು, ಏನು ಬರಬೇಕಿತ್ತು, ಏನು ಬಂತು ಎಂದು ಒಂದು ಚೀಟಿಯಲ್ಲಿ ಬರೆದು, ಮಾಡಿದವರಿಗೆ ಕಳಿಸಿ. ಕನ್ನಡದಲ್ಲೇ ಬರೆಯಿರಿ. ಓದಿಸಿಕೊಳ್ಳುವ ಕಷ್ಟ ಅವರಿಗೂ ಸ್ವಲ್ಪ ಇರಲಿ.